ಡಚ್ ನರ್ಸ್‌ಗೆ ಪ್ರಿಫಿಕ್ಸ್ ಕಲಿಸಿದ ಐದು ವಾರ

ತರಗತಿಗೆ ಎಂಟುನೂರು ರೂಪಾಯಿ, ವಾರಕ್ಕೆ ಮೂರು ತರಗತಿ. ಮಡಂತ್ಯಾರಿನಂಥ ಸಣ್ಣ ಪೇಟೆಯಲ್ಲಿ ಕುಳಿತು ಇಂಗ್ಲಿಷ್ ಕಲಿಸುವವನಿಗೆ ಅದು ಒಳ್ಳೆಯ ದರ. ಅದನ್ನು ನಾನು ಕಳೆದುಕೊಂಡದ್ದು ದರ ಹೆಚ್ಚಾಗಿ ಅಲ್ಲ, ಯಾರೂ ಕೇಳದೆ ಇಳಿಸಿದ್ದರಿಂದ.

ಅದು ಕೊರೊನಾ ಮುಗಿದ ಮರುವರ್ಷ. ಅದಕ್ಕೆ ಮೊದಲು ಬಂಟ್ವಾಳದ ಬಟ್ಟೆ ಅಂಗಡಿಯಲ್ಲಿ ಒಂಬತ್ತು ವರ್ಷ ಸೇಲ್ಸ್‌ಮನ್ ಆಗಿದ್ದೆ. ಉಜಿರೆಯ ಹಾಸ್ಟೆಲ್ ಹುಡುಗರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಟ್ಟು ಧೈರ್ಯ ಬಂದ ಮೇಲೆ, ಟೈಲರ್ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದು ಆನ್‌ಲೈನ್‌ಗೆ ಇಳಿದೆ. ದಿನಕ್ಕೆ ನಾಲ್ಕು ತಾಸು ಮಾತಾಡಿದರೂ ಒಬ್ಬರೊಟ್ಟಿಗೂ ಕುಳಿತು ಚಾ ಕುಡಿದಂತಾಗುತ್ತಿರಲಿಲ್ಲ.

ಮಾರಿಕೆ ನೆದರ್‌ಲ್ಯಾಂಡ್ಸ್‌ನ ನರ್ಸ್. ಐರ್ಲೆಂಡಿನ ಆಸ್ಪತ್ರೆಯೊಂದು ಕೆಲಸ ಕೊಡಲು ಒಪ್ಪಿತ್ತು. ಎಂಟು ವಾರದೊಳಗೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ನಮ್ಮ ಹನ್ನೊಂದೂವರೆಗೆ ಅವರಿಗೆ ಬೆಳಿಗ್ಗೆ ಏಳು. ಡ್ಯೂಟಿಗೆ ಮೊದಲು ಕೂರುತ್ತಿದ್ದರು. ಅವರು ತಡವರಿಸುತ್ತಿದ್ದದ್ದು ಪದದ ಮೊದಲಿಗೆ ಅಂಟುವ ಪ್ರಿಫಿಕ್ಸ್, ಕೊನೆಗೆ ಅಂಟುವ ಸಫಿಕ್ಸ್‌ಗಳಲ್ಲಿ. ನಾನು 'ಇಲ್ಲ' ಎಂಬರ್ಥ ಕೊಡುವ ಅನ್, ಇನ್, ಡಿಸ್ ಎಂದು ಪಟ್ಟಿ ಮಾಡಿ, ವಾರಕ್ಕೆ ಅರವತ್ತು ಪದ ಬಾಯಿಪಾಠ ಹಾಕಿಸಿದೆ.

ಐದನೇ ವಾರ ಅವರು ನೇರವಾಗಿ ಹೇಳಿದರು, ಈ ಪಟ್ಟಿ ಉಪಯೋಗಕ್ಕೆ ಬರುತ್ತಿಲ್ಲ, ನಿಲ್ಲಿಸುತ್ತೇನೆ ಎಂದು. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಬೇಡವೆಂದು ಮೆಟ್ಟಿಲಿಳಿದರೆ ಅಲ್ಲಿಂದಲೇ ವ್ಯಾಪಾರ ಶುರು. ಅದೇ ಅಭ್ಯಾಸದಲ್ಲಿ ಆರುನೂರು ಮಾಡುವ ಎಂದೆ. ಉತ್ತರಕ್ಕೂ ಕಾಯದೆ ನಾನೂರಕ್ಕೆ ಇಳಿದೆ.

"ಹಾಗಾದರೆ ಇಷ್ಟು ದಿನ ನನ್ನಿಂದ ಎರಡು ಪಟ್ಟು ತೆಗೆದುಕೊಂಡಿರಾ?" ಎಂದು ಕೇಳಿದರು. ಕರೆಯನ್ನು ಅವರೇ ಕಡಿದರು.

ಕೆಳಗಿಳಿದು ಟೈಲರ್ ಹಮೀದಾಕನಿಗೆ ಹೇಳಿದೆ. ಅವರು ಮಿಷನ್ ನಿಲ್ಲಿಸಲಿಲ್ಲ. "ಎಂತ ಮಾರಾಯ ನೀನು. ಕಂಕುಳಲ್ಲಿ ಟೈಟ್ ಉಂಟು ಅಂತ ಅಂಗಿ ವಾಪಸು ತಂದ್ರೆ ನಾನು ಮಜೂರಿ ಕಡಿಮೆ ಮಾಡುದಾ? ಬಿಚ್ಚಿ ಹೊಲಿಯುದಲ್ವಾ?"

ಮೇಲೆ ಹೋಗಿ ಹಳೆಯ ತರಗತಿಗಳ ರೆಕಾರ್ಡಿಂಗ್ ಹಾಕಿ ಕೇಳಿದೆ. ಪ್ರತಿ ತರಗತಿಯಲ್ಲೂ ಅವರು ವಾರ್ಡಿನ ಮಾತು ಎತ್ತಿದ್ದರು. ಪ್ರತಿ ಸಲ ನಾನು ಪಟ್ಟಿಗೆ ಎಳೆದಿದ್ದೆ. ನಿದ್ದೆ ಬಾರದ ರೋಗಿಗೆ 'ಸ್ಲೀಪ್‌ಲೆಸ್' ಎಂದು ಅವರು ಸರಿಯಾಗಿಯೇ ಹೇಳಿದ್ದರು, ಏಕೆಂದರೆ, ಡಿಕ್ಷನರಿ ತೆಗೆದು ನೋಡಿದರೆ, ಡಚ್‌ನಲ್ಲೂ ಪದದ ಕೊನೆಗೆ 'ಇಲ್ಲದ' ಎಂಬರ್ಥದ 'ಲೋಸ್' ಉಂಟು. ಚಡಪಡಿಸುವ ರೋಗಿಗೆ ಮಾತ್ರ 'ಅನ್‌ರೆಸ್ಟ್‌ಫುಲ್' ಎಂದಿದ್ದರು, 'ರೆಸ್ಟ್‌ಲೆಸ್' ಆಗಬೇಕಿತ್ತು. ಚಡಪಡಿಕೆಯ ಪದದಲ್ಲಿ ಅವರ ಭಾಷೆ 'ಇಲ್ಲ' ಎಂಬುದನ್ನು ಮೊದಲಿಗೇ ಇಡುತ್ತದೆ. ಅವರಿಗೆ ಬೇಕಿದ್ದದ್ದು ಇಂಥ ಎಡವುವ ಜಾಗಗಳು ಮಾತ್ರ, ಮುನ್ನೂರು ಪದ ಅಲ್ಲ.

ಎರಡು ದಿನ ಕುಳಿತು ಅವರದೇ ವಾರ್ಡಿನ ನಲವತ್ತು ಪದಗಳನ್ನು, ಪ್ರತಿಯೊಂದರ ಪಕ್ಕ ಅದರ ಡಚ್ ಪದವನ್ನೂ ಇಟ್ಟು ಬರೆದು, ಕ್ಷಮೆ ಕೇಳಿ ಕಳಿಸಿದೆ. ಉತ್ತರ ಬರಲಿಲ್ಲ. ಹನ್ನೊಂದೂವರೆಯ ಹೊತ್ತನ್ನು ಬೇರೆಯವರಿಗೆ ಕೊಡಲು ಮನಸ್ಸಾಗದೆ ಒಂದು ತಿಂಗಳು ಹಾಗೇ ಇಟ್ಟೆ. ಕೆಳಗೆ ಮಿಷನ್ ಸದ್ದು, ಹೊರಗೆ ಬೆಳ್ತಂಗಡಿ ಬಸ್ಸುಗಳ ಹಾರ್ನ್. ಕೊನೆಗೆ ಒಂದು ಸಾಲು ಬಂತು: "ಪಾಸಾದೆ. ನಲವತ್ತೂ ಓದಿದೆ." ಮತ್ತೆ ತರಗತಿಯ ಮಾತಿಲ್ಲ. ಆ ದಿನ ಅದನ್ನು ಹೇಳಲು ಹಮೀದಾಕ ಕೂಡ ಅಂಗಡಿಯಲ್ಲಿರಲಿಲ್ಲ.

ಕಲಿಸಲು ಹೊರಟವರೇ, ಮೊದಲ ದಿನ ಪಟ್ಟಿ ತೆಗೆಯಬೇಡಿ. ಅವರ ಕೆಲಸದ ಒಂದು ದಿನವನ್ನು ಅವರ ಬಾಯಿಂದಲೇ ಹೇಳಿಸಿ, ಎಲ್ಲಿ ಎಡವುತ್ತಾರೋ ಅಷ್ಟನ್ನೇ ಬರೆದುಕೊಳ್ಳಿ. ಯಾರಾದರೂ ಸಾಕು ಎಂದರೆ ಯಾವುದು ಸಾಕು ಎಂದು ಕೇಳಿ. ಕೇಳಿದ ಮೇಲೆ ಅವರು ಹೇಳಿ ಮುಗಿಸುವ ತನಕ ನೀವು ಸುಮ್ಮನಿರಿ.