ರೊಟ್ಟಿಯ ತಾಳದಲ್ಲಿ ಸ್ಪ್ಯಾನಿಷ್

ಬಾದಾಮಿಯಲ್ಲಿ ನಮ್ಮ ಪುಣ್ಯಕ್ಕೆ ಸಿಕ್ಕ ಮನೆ ಮಾಲಕಿ ಶೇಖವ್ವ ರೊಟ್ಟಿ ತಟ್ಟುತ್ತಲೇ ಸ್ಪ್ಯಾನಿಷ್ ಕಲಿಯುತ್ತಾರೆ. ಗುಹೆ ನೋಡಲು ಬಂದು ತಮ್ಮಲ್ಲಿ ಉಣ್ಣುವ ಸ್ಪೇನಿನ ಪ್ರವಾಸಿಗರೊಡನೆ ನಾಲ್ಕು ಮಾತಾಡಬೇಕೆಂಬ ಆಸೆ ಅವರಿಗೆ. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಅಂಗೈ ಬಿದ್ದಂತೆಲ್ಲ ಶಬ್ದವನ್ನು ತುಂಡು ತುಂಡಾಗಿ ಹೇಳುತ್ತಾರೆ: “ಪ್ರೆ... ಹುಯಿ... ಸಿಯೊ!” ಶಬ್ದ ಉದ್ದವಾದಷ್ಟೂ ರೊಟ್ಟಿ ಅಗಲ. ನೀರು, ಉಪ್ಪಿನಂಥ ಶಬ್ದಗಳ ಪಾಠ ಮುಗಿದು ಈ ವಾರ ಮೊಬೈಲಿನಲ್ಲಿ ಪೂರ್ವಗ್ರಹದ ಪಾಠ ಬಂದಿದೆ. ಪ್ರೆಹುಯಿಸಿಯೊ ಎಂದರೆ ಪೂರ್ವಗ್ರಹ, ದೆಸ್ಪ್ರೆಸಿಯೊ ಎಂದರೆ ತಿರಸ್ಕಾರ, ಇಗ್ವಾಲ್ದಾದ್ ಎಂದರೆ ಸಮಾನತೆ. “ಇಷ್ಟೆಲ್ಲಾ ಶಬ್ದ ಅದಾವಂದ್ರ ಅವ್ರ ದೇಶದಾಗೂ ನಮ್ಮಂಥವ್ರ ಅದಾರ ಬಿಡವ್ವಾ,” ಎಂದು ನಗುತ್ತಾರೆ. ಹಾಲಿನವನಿಗೂ ಪಾಠ, ಇನ್ನೂ ಹಲ್ಲು ಬಾರದ ನನ್ನ ಮಗಳಿಗೂ ಪಾಠ. ಇವತ್ತು ಪಕ್ಕದ ಮನೆಯ ಬಸಲಿಂಗವ್ವ ಬಂದು, ನನ್ನೆದುರಿಗೇ, “ಹೊಸಾ ಬಾಡಿಗಿ ಮಂದಿ ಯಾವ ಜಾತಿಯವ್ರು? ಕೇಳೀಯೋ ಇಲ್ಲೋ?” ಎಂದರು. ಕೂಸನ್ನು ಮಲಗಿಸಲು ತಟ್ಟುತ್ತಿದ್ದ ನನ್ನ ಕೈ ನಿಂತಿತು. ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಈ ಊರಿನ ಎಷ್ಟೋ ಬಾಗಿಲುಗಳಿಂದ ನಾವು ಹಿಂದಿರುಗಿದ್ದೆವು. ಶೇಖವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. “ಕೇಳೀನಿ ತಗೋ. ಕೂಸಿಗೆ ಶೆಕಿ ತಡಿಯೂದಿಲ್ಲಂತ. ಅದಕ್ಕ ಗಾಳಿ ಬರೂ ಖೋಲಿ ಕೊಟ್ಟೀನಿ.” ಮೊದಲ ದಿನ ಅವರು ನಿಜಕ್ಕೂ ಕೇಳಿದ್ದು ಕೂಸಿನ ವಿಷಯ ಒಂದನ್ನೇ. ಹಿಟ್ಟಿನ ಮೇಲೆ ಮತ್ತೆ ಅಂಗೈ ಬಿತ್ತು: “ಪ್ರೆ... ಹುಯಿ... ಸಿಯೊ!” ಅದೇ ತಾಳಕ್ಕೆ ನಾನೂ ಕೂಸಿನ ಬೆನ್ನು ತಟ್ಟತೊಡಗಿದೆ.