ಗ್ರಾಫಿನಲ್ಲಿ ಎದ್ದ ಗುಡ್ಡ

ಸ್ಪೀಕರುಗಳ ವಿಮರ್ಶೆ ಬರೆಯುವ ಹುಚ್ಚು ನನಗೆ ಹತ್ತಿದ್ದು ಸಿಟ್ಟಿನಿಂದ. ಹಾಡು ಕೇಳುವ ಹವ್ಯಾಸಿಗಳದ್ದೊಂದು ಕನ್ನಡ ಪುಟ ಅಂತರ್ಜಾಲದಲ್ಲಿದೆ. ಅಲ್ಲಿ ಒಬ್ಬರು, ಸ್ಪೀಕರಿಗೆ ಹೊಸ ವೈರು ಹಾಕಿದ ಮೇಲೆ ಗಾಯಕಿಗೂ ತಮಗೂ ನಡುವೆ ಇದ್ದ ಪರದೆ ಸರಿದಂತಾಯಿತು ಎಂದು ಬರೆಯುತ್ತಿದ್ದರು. ಇನ್ನೊಬ್ಬರು, ಆಂಪ್ಲಿಫೈಯರನ್ನು ನೂರು ಗಂಟೆ ಓಡಿಸಿದ ಮೇಲಷ್ಟೇ ಅದರ ದನಿ ಪಕ್ವವಾಗುತ್ತದೆ ಎನ್ನುತ್ತಿದ್ದರು, ಮಾವಿನಕಾಯಿಯನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವವರ ಹಾಗೆ. ಶಿಕಾರಿಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಇದನ್ನು ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಮೊದಲು ಅಳೆದು ತೋರಿಸಿ, ಆಮೇಲೆ ಮಾತಾಡಿ ಎಂದು ಜಗಳ ತೆಗೆದೆ. ಹಾಗಾದರೆ ನೀವೇ ಅಳೆಯಿರಿ ಎಂದರು. ಹಟಕ್ಕೆ ಬಿದ್ದು ಅಳತೆಯ ಮೈಕೊಂದನ್ನು ತರಿಸಿದೆ, ಲ್ಯಾಪ್‌ಟಾಪಿಗೆ ಬೇಕಾದ ತಂತ್ರಾಂಶ ಹಾಕಿಕೊಂಡೆ. ನಮ್ಮ ಮನೆಯ ಪಡಸಾಲೆ ಪ್ರಯೋಗಶಾಲೆಯಾಯಿತು.

ಕೆಲಸ ಸುಲಭದ್ದು. ಸ್ಪೀಕರಿನಿಂದ ಅತಿ ಕೆಳಗಿನ ಸ್ವರದಿಂದ ಅತಿ ಮೇಲಿನದರವರೆಗೆ ಒಂದು ಉದ್ದನೆಯ ಕೂಗು ಹೊರಡಿಸಬೇಕು. ಮೈಕು ಅದನ್ನು ಕೇಳಿಸಿಕೊಳ್ಳುತ್ತದೆ, ಲ್ಯಾಪ್‌ಟಾಪು ಒಂದು ಗೆರೆ ಎಳೆಯುತ್ತದೆ. ಗೆರೆ ಸಮವಾಗಿದ್ದರೆ ಸ್ಪೀಕರಿನ ಪೆಟ್ಟಿಗೆ ಚೆನ್ನಾಗಿದೆ ಎಂದರ್ಥ. ಎಲ್ಲಾದರೂ ಗುಡ್ಡ ಎದ್ದರೆ ಅಲ್ಲಿಯ ಸ್ವರ ಅತಿಯಾಗಿದೆ, ತಗ್ಗು ಬಿದ್ದರೆ ಕಮ್ಮಿಯಾಗಿದೆ. ನಾನು ಬಹಳ ಶಿಸ್ತಿನವನು. ಟೇಪು ಹಿಡಿದು ಮೈಕಿನ ದೂರ ಅಳೆಯುತ್ತಿದ್ದೆ, ಫ್ಯಾನು ಆರಿಸುತ್ತಿದ್ದೆ, ಕಿಟಕಿ ಮುಚ್ಚುತ್ತಿದ್ದೆ, ಕೋಣೆಯ ಉಷ್ಣತೆಯನ್ನೂ ಬರೆದಿಡುತ್ತಿದ್ದೆ. ಆ ಕೂಗಿಗೆ ಕೊಟ್ಟಿಗೆಯ ಎಮ್ಮೆ ಬೆದರುತ್ತದೆ ಎಂದು ಹೆಂಡತಿ ಗೊಣಗುತ್ತಿದ್ದಳು. ವಿಜ್ಞಾನಕ್ಕೆ ಅಡ್ಡಿ ಬರಬೇಡ ಎನ್ನುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ, ನಾನೇ ಕೊಂಡಿದ್ದ ಕಂಪನಿಯ ಸ್ಪೀಕರುಗಳನ್ನು ಮೊದಲು ಅಳೆದೆ. ಗೆರೆ ಎಷ್ಟು ನೆಟ್ಟಗೆ ಬಂತೆಂದರೆ ಅದನ್ನು ಹತ್ತು ಸಲ ತೆರೆದು ನೋಡಿ ಖುಷಿಪಟ್ಟೆ. ಪುಟದಲ್ಲಿ ಹೊಗಳಿ ಬರೆದೆ. ಯುಗಾದಿ ಮುಗಿದ ಮೇಲೆ ಸೊರಬದ ಒಬ್ಬ ಬಡಗಿ ತಾವು ಮಾಡಿದ ಒಂದು ಜೊತೆ ಸ್ಪೀಕರುಗಳನ್ನು ತಂದುಕೊಟ್ಟರು. ಬಾಗಿಲು, ಮಂಚ ಮಾಡುವವರು. ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡುವುದನ್ನು ತಾವೇ ಕಲಿತಿದ್ದರು. ಹಲಗೆಯನ್ನು ಬೆರಳಲ್ಲಿ ತಟ್ಟಿ, ಅದರ ದನಿ ಕೇಳಿ ಆರಿಸುತ್ತಿದ್ದರು. ಗ್ರಾಫು ಗೀಫು ಅವರಿಗೆ ಗೊತ್ತಿರಲಿಲ್ಲ, ಕಿವಿಯೇ ಎಲ್ಲ.

ಅವರ ಪೆಟ್ಟಿಗೆಯನ್ನು ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿಟ್ಟು ಅಳೆದೆ. ಕೆಳಗಿನ ಸ್ವರಗಳ ಕಡೆ ದೊಡ್ಡದೊಂದು ಗುಡ್ಡ ಎದ್ದಿತು. ಹಾಡು ಹಾಕಿದರೆ ನನ್ನ ಕಿವಿಗೂ ಗುಂಯ್ ಎಂದಿತು. ಹೊಸದಾಗಿ ಸಿಕ್ಕ ಅಧಿಕಾರ ನೋಡಿ, ತಲೆಗೆ ಏರಿತ್ತು. ಕೊಡಪಾನದೊಳಗೆ ಕೂತು ಹಾಡಿದಂತಿದೆ ಎಂದು ಬರೆದೆ. ಅಷ್ಟಕ್ಕೇ ಸುಮ್ಮನಿರದೆ, ಮಾಡಿದವರಿಗೆ ಕೈ ಇದೆ, ಕಿವಿ ಇಲ್ಲ ಎಂದೂ ಸೇರಿಸಿದೆ. ಆ ಸಾಲನ್ನು ಪುಟದ ತುಂಬ ಜನ ಮೆಚ್ಚಿಕೊಂಡರು.

ಮಾರನೆಯ ದಿನ ಬಡಗಿ ಫೋನ್ ಮಾಡಿದರು. ಜಗಳಕ್ಕೆ ಬಂದರೇನೋ ಎಂದು ನಾನೂ ಸಜ್ಜಾಗಿದ್ದೆ. ಅವರ ದನಿ ತಗ್ಗಿತ್ತು.

"ಮೇಷ್ಟ್ರೆ, ನೀವು ಬರ್ದಿದ್ದು ಓದ್ದೆ. ತರೋ ಮುಂಚೆ ನಮ್ಮ ಶೆಡ್ಡಲ್ಲಿ ಎಷ್ಟು ಸಲ ಹಾಕಿದ್ರೂ ಆ ಗುಂಯ್ ಅನ್ನೋದು ನಂಗೆ ಕೇಳ್ಲೇ ಇಲ್ಲ ಮಾರಾಯ್ರೆ. ಇಪ್ಪತ್ತು ವರ್ಷ ಆಯ್ತು, ಮರ ಕೊಯ್ಯೋ ಮಿಷನ್ ಮುಂದೆ ನಿಂತಿದೀನಿ. ನಮ್ಮಣ್ಣಂಗೂ ಹಿಂಗೇ ಶುರುವಾಗಿ ಈಗ ಪೂರ್ತಿ ಕೇಳಲ್ಲ. ನಂದೂ ಹೋಯ್ತಾ ಅಂತ ಹೆದ್ರಿಕೆ."

"ಇರಬಹುದ್ರೀ," ಎಂದೆ. "ಮಿಷನ್ ಮುಂದೆ ನಿಂತೋರಿಗೆ ಹಂಗಾಗತೈತಿ. ಮೊದ್ಲು ಕಿವಿ ಡಾಕ್ಟರಿಗೆ ತೋರಿಸ್ರಿ."

ಉತ್ತರಪತ್ರಿಕೆಗೆ ಅಂಕ ಹಾಕುವಷ್ಟೇ ಸಲೀಸಾಗಿ ಇದನ್ನು ಹೇಳಿದೆ. ಯಂತ್ರದ ಸದ್ದು ಸಾಮಾನ್ಯವಾಗಿ ಮೊದಲು ಕೆಡಿಸುವುದು ಮೇಲಿನ ಸ್ವರಗಳನ್ನು, ಇಂಥ ಕೆಳಗಿನ ಗುಂಯ್‌ಕಾರವನ್ನಲ್ಲ ಎಂದು ಓದಿ ತಿಳಿದುಕೊಂಡಿದ್ದವನು ನಾನು. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಗ್ರಾಫು ಎದುರಿಗಿದ್ದಾಗ ಬೇರೇನೂ ನೆನಪಾಗುತ್ತಿರಲಿಲ್ಲ. ಬಡಗಿ ಬಂದು ಪೆಟ್ಟಿಗೆಗಳನ್ನು ವಾಪಸು ತೆಗೆದುಕೊಂಡು ಹೋದರು.

ತಿಂಗಳು ಕಳೆದಿರಬೇಕು. ಪುಟದವರೊಬ್ಬರು ಒಂದು ವೈರು ಕಳಿಸಿದರು. ದನಿ ಯಾವ ಕಡೆಗೆ ಹರಿಯಬೇಕೆಂದು ಅದರ ಮೇಲೆ ಬಾಣದ ಗುರುತು ಬೇರೆ. ಇವತ್ತು ಇವರ ಬಂಡವಾಳ ಬಯಲು ಮಾಡುತ್ತೇನೆ ಎಂದು ಅದನ್ನು ನನ್ನ ಕಂಪನಿ ಸ್ಪೀಕರಿಗೆ ಸಿಕ್ಕಿಸಿ ಅಳೆದೆ. ನೋಡಿದರೆ ಅಷ್ಟು ನೆಟ್ಟಗಿದ್ದ ಗೆರೆಯಲ್ಲಿ ದೊಡ್ಡ ಗುಡ್ಡ. ನಾನು ಬೆಪ್ಪಾದೆ. ವೈರಿಗೆ ನಿಜವಾಗಿಯೂ ಶಕ್ತಿಯಿದೆ ಎಂದು ಎರಡು ಗಂಟೆಯ ಮಟ್ಟಿಗೆ ನಂಬಿದೆ ಕೂಡ. ಸೋತೆ, ತಲೆಬಾಗಿದೆ, ಈ ವೈರು ಕೆಳಗಿನ ಸ್ವರಕ್ಕೆ ಪಾತಾಳದ ಆಳ ಕೊಡುತ್ತದೆ ಎಂದು ಅರ್ಧ ವಿಮರ್ಶೆಯನ್ನೂ ಬರೆದೆ. ವ್ಯತ್ಯಾಸ ತೋರಿಸಲೆಂದು ಹಳೇ ವೈರು ಹಾಕಿ ಮತ್ತೆ ಅಳೆದರೆ ಗುಡ್ಡ ಅಲ್ಲೇ ಕೂತಿತ್ತು. ಬಡಗಿಯ ಪೆಟ್ಟಿಗೆಯ ಗ್ರಾಫು ತೆಗೆದು ಪಕ್ಕದಲ್ಲಿಟ್ಟೆ. ಅದೇ ಗುಡ್ಡ, ಅದೇ ಜಾಗ, ಅಷ್ಟೇ ಎತ್ತರ.

ಕಸ ಗುಡಿಸುತ್ತಿದ್ದ ಹೆಂಡತಿಯನ್ನು ಕರೆದು, ಈ ಸ್ಪೀಕರು ಈಚೆಗೆ ಗುಂಯ್ ಅನ್ನುತ್ತದೆಯೇ ಎಂದು ಕೇಳಿದೆ.

"ಚೀಲ ಹೋದ ಮ್ಯಾಲೆ ಪಡಸಾಲಿ ಯಾವಾಗ್ಲೂ ಹಂಗೇ ಅಲ್ಲೇನ್ರೀ? ನೀವು ಮಾತಾಡಿದ್ರೂ ಗುಂಯ್ ಅಂತೈತಿ. ಪ್ರತಿ ವರ್ಷ ಇರೋದೇ, ಹೊಸದೇನೈತಿ?" ಎಂದು ಪೊರಕೆ ನಿಲ್ಲಿಸದೆ ಹೇಳಿದಳು.

ನಮ್ಮ ಗದ್ದೆ ಅಂಜನಾಪುರ ಅಣೆಕಟ್ಟಿನ ನೀರಿನದು. ಸುಗ್ಗಿ ಮುಗಿದರೆ ಭತ್ತದ ಚೀಲಗಳು ಪಡಸಾಲೆಯ ಎರಡು ಗೋಡೆಗೆ ಒತ್ತಿ ತೊಲೆಯ ತನಕ ಏರುತ್ತವೆ. ಯುಗಾದಿಯ ಹೊತ್ತಿಗೆ ಮಿಲ್ಲಿಗೆ ಹೋಗುತ್ತವೆ. ಸಂಕ್ರಾಂತಿಯ ನಂತರ ನಾನು ಅಳೆದದ್ದು ಚೀಲ ತುಂಬಿದ ಪಡಸಾಲೆಯಲ್ಲಿ, ಗೋಡೆಗೆ ಬಡಿದು ಮರಳುವ ಸದ್ದನ್ನೆಲ್ಲ ಅವು ನುಂಗಿಕೊಂಡಿದ್ದವು. ಬಡಗಿಯ ಪೆಟ್ಟಿಗೆಗಳನ್ನು ಅಳೆದದ್ದು ಬರೀ ಗೋಡೆಗಳ ನಡುವೆ. ಕೋಣೆಯ ಉಷ್ಣತೆ ಬರೆದಿಟ್ಟ ಜಾಣ, ಎಂಬತ್ತು ಚೀಲ ಭತ್ತ ಇದ್ದದ್ದನ್ನೂ ಹೋದದ್ದನ್ನೂ ಬರೆದಿಟ್ಟಿರಲಿಲ್ಲ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನನ್ನ ಸ್ಪೀಕರು ಆ ತಿಂಗಳೆಲ್ಲ ಗುಂಯ್ ಎನ್ನುತ್ತಿದ್ದದ್ದು ನನಗೆ ಕೇಳಿಸಿತ್ತು. ಅದು ಕಂಪನಿಯದಾದ್ದರಿಂದ ಅದನ್ನು ಆಳ ಎಂದುಕೊಂಡಿದ್ದೆ.

ಅರ್ಧ ಸಮಾಧಾನವಾಯಿತು, ಅರ್ಧ ಅನುಮಾನ ಉಳಿಯಿತು. ಗುಡ್ಡ ನನ್ನ ಪಡಸಾಲೆಯದು, ಸರಿ. ಆದರೆ ಅದರ ಅಡಿಯಲ್ಲಿ ಪೆಟ್ಟಿಗೆಯದೇ ಒಂದು ಗುಡ್ಡ ಅಡಗಿದ್ದರೆ? ಅದೂ ಆ ಮನುಷ್ಯನಿಗೆ ಕೇಳದೆ ಇದ್ದದ್ದು ನಿಜವಾಗಿದ್ದರೆ? ನನ್ನ ಅಳತೆ ತಪ್ಪು, ಆ ವಿಮರ್ಶೆ ನಂಬಬೇಡಿ ಎಂದು ಪುಟದಲ್ಲಿ ಬರೆದು ಹಾಕಿದೆ. ಕೆಲವರು ಬೈದರು. ಒಬ್ಬರು, ತಾವು ಇಷ್ಟು ದಿನ ಅಳೆದದ್ದೆಲ್ಲ ಓಡುತ್ತಿರುವ ಫ್ರಿಜ್ಜಿನ ಪಕ್ಕದಲ್ಲೇ ಎಂದು ತಪ್ಪೊಪ್ಪಿಕೊಂಡರು. ಬಡಗಿಗೆ ಮಾತ್ರ ಇದು ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಭಾನುವಾರ ಮೈಕು, ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿ ಸೊರಬದ ಬಸ್ಸು ಹಿಡಿದೆ.

ಅವರ ಕೆಲಸದ ಶೆಡ್ಡಿನಲ್ಲಿ ಒಂದು ಪೆಟ್ಟಿಗೆ ಹಾಗೇ ಇತ್ತು. ಇನ್ನೊಂದರ ಬೆನ್ನು ಬಿಚ್ಚಿತ್ತು. ಒಳಗೆ ಒಂದು ಹಳೇ ಕಂಬಳಿಯನ್ನು ಗಿಡಿದು ತುಂಬಿದ್ದರು.

"ನೀವು ಹೇಳಿದ ಗುಂಯ್ ಹೋಗ್ಲಿ ಅಂತ ತುಂಬ್ದೆ," ಎಂದರು. "ಹೋಯ್ತೋ ಇಲ್ವೋ ನಂಗೆ ಎಂತ ಗೊತ್ತಾಗ್ಬೇಕು."

"ಡಾಕ್ಟರಿಗೆ ತೋರಿಸಿದ್ರೇನ್ರೀ?"

"ಇಲ್ಲ. ಹೋಗಿದೆ ಅಂದ್ಬಿಟ್ರೆ ಎಂತ ಮಾಡೋದು ಹೇಳಿ."

ನಾನು ನಿಂತಲ್ಲೇ ಎಲ್ಲ ಹೇಳಿದೆ. ಭತ್ತದ ಚೀಲ, ಖಾಲಿ ಪಡಸಾಲೆ, ಕಂಪನಿ ಸ್ಪೀಕರಿನ ಗುಡ್ಡ, ಏನನ್ನೂ ಬಿಡಲಿಲ್ಲ. ಅವರು ಸಿಟ್ಟಾಗಲಿಲ್ಲ. ಪೆಟ್ಟಿಗೆಯಲ್ಲೂ ದೋಷ ಇರಬಹುದು, ಇಲ್ಲದಿರಬಹುದು, ಗೋಡೆಯಿಲ್ಲದ ಕಡೆ ಅಳೆಯೋಣ ಎಂದೆ. ಬಿಚ್ಚಿದ್ದರ ಬೆನ್ನು ಮುಚ್ಚಿ, ಅಂಗಳದ ನಡುವೆ ಎತ್ತರದ ಸ್ಟೂಲು ಹಾಕಿ, ಎರಡನ್ನೂ ಒಂದಾದ ಮೇಲೊಂದರಂತೆ ಇಟ್ಟೆವು. ಮೊದಲು ಹಾಡು ಹಾಕಿದೆ. ಯಾವುದು ಚೆನ್ನಾಗಿದೆ ಎಂದು ಕೇಳಿದೆ. ನನ್ನ ಕೇಳಬೇಡಿ ಎಂದರು. ಒತ್ತಾಯ ಮಾಡಿದ ಮೇಲೆ ನೆಲ ನೋಡುತ್ತ ಹೇಳಿದರು.

"ಕಂಬಳಿ ತುಂಬಿದ್ದು ಬಾಯಿಗೆ ಬಟ್ಟೆ ಕಟ್ಟಿದಂಗೆ ಕೇಳ್ತದೆ. ಇನ್ನೊಂದೇ ಚಂದ. ಆದ್ರೆ ನನ್ ಕಿವಿ ಲೆಕ್ಕಕ್ಕೆ ಇಟ್ಕಬೇಡಿ."

ಆಮೇಲೆ ಅಳೆದೆ. ಗೆರೆ ಎಡದಿಂದ ನಿಧಾನವಾಗಿ ಮೂಡಿತು. ಕಂಬಳಿಯಿಲ್ಲದ ಪೆಟ್ಟಿಗೆಯಲ್ಲಿ ಗುಡ್ಡ ಇರಲಿಲ್ಲ, ಗೆರೆ ಸಮವಾಗಿ ಸಾಗಿತು. ತುಂಬಿದ್ದರಲ್ಲಿ ಕೆಳಗಿನ ಸ್ವರಗಳ ಜಾಗದಲ್ಲಿ ಗೆರೆ ತಗ್ಗಿಗೆ ಬಿದ್ದಿತ್ತು. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

"ನೀವು ಈಗ ಹೇಳಿದ್ರಲ್ಲ, ಇದೂ ಅದನ್ನೇ ಬರದೈತಿ. ಇಲ್ಲದ ಗುಂಯ್ ನಿಮಗೆ ಕೇಳಲಿಲ್ಲ, ಅಷ್ಟೇ. ಕಿವಿ ಇಲ್ಲ ಅಂತ ಬರದಿದ್ದು ನನ್ನ ತಪ್ಪು."

ಅವರು ಎರಡೂ ಗೆರೆಗಳ ಮೇಲೆ ಬೆರಳಾಡಿಸಿ ನೋಡಿದರು. ಹೋಗಿ ಮರದ ದಿಮ್ಮಿಯ ಮೇಲೆ ಕೂತರು. "ಹಂಗಾರೆ ಹೋಗಿಲ್ಲ," ಎಂದರು. ಆಮೇಲೆ, "ಈಗ ಡಾಕ್ಟರ ಹತ್ರ ಧೈರ್ಯವಾಗಿ ಹೋಗ್ಬಹುದು," ಎಂದರು. ನನಗೆ ಎಷ್ಟು ಹಗುರಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಮೈಕಿನ ವೈರು ಸುತ್ತುವ ನೆಪದಲ್ಲಿ ಆ ಕಡೆ ತಿರುಗಿದೆ.

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಗಂಡನ ಕಿವಿಯ ಹತ್ತಿರ ಬಗ್ಗಿ, ಊರಿಗೆಲ್ಲ ಕೇಳುವಂತೆ, "ಕಾಫಿ ಆರೋಗ್ತದೆ, ತಗಳ್ರಿ," ಎಂದು ಕೂಗಿದರು. ಒಂದು ತಿಂಗಳಿಂದ ಆ ಮನೆಯಲ್ಲಿ ಮಾತು ಹೀಗೇ ನಡೆದಿತ್ತು ಎಂದು ಆಗ ತಿಳಿಯಿತು.

"ಕೂಗ್ಬೇಡ್ವೆ, ಮೆಲ್ಲಗೆ ಹೇಳು. ಕೇಳ್ತದೆ," ಎಂದರು ಅವರು.

ಆಕೆ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾಲ್ಕು ಹೆಜ್ಜೆ ಹಿಂದೆ ಸರಿದು, ಬಾಗಿಲ ಹತ್ತಿರ ನಿಂತು, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಏನೋ ಕೇಳಿದರು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಬಡಗಿ ಲೋಟ ಕೆಳಗಿಟ್ಟು, "ಹೂಂ, ಊಟ ಮಾಡ್ಕಂಡೇ ಹೋಗ್ತಾರೆ, ಅಕ್ಕಿ ಹಾಕು," ಎಂದರು.