ಕೊಯ್ಯಲು ಬಿಡದ ಲ್ಯಾಬಿನ ಅಕ್ಕ

ತಾಂಡೂರಿನ ನರ್ಸಿಂಗ್ ಹೋಮಿನಲ್ಲಿ ನಾನು ಹೊಸ ಡಾಕ್ಟರ್. ಕೊರಳಿನ ಸ್ಟೆತಾಸ್ಕೋಪನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ನನ್ನ ಗತ್ತಿಗೆ ಸೊಪ್ಪು ಹಾಕದವರೆಂದರೆ ಲ್ಯಾಬಿನ ಅಕ್ಕ ಒಬ್ಬರೇ. ರಕ್ತದ ಕೊಳವೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, "ಜರಾ ತಡೀರಿ ಸಾಬ್" ಅನ್ನುವುದು ಅವರ ರೂಢಿ.

ಒಮ್ಮೆ ಯಾಲಾಲ್ ಕಡೆಯ, ಕುರಿ ಸಾಕುವ ಅಜ್ಜಿಯೊಬ್ಬಳು ತೊಡೆ ಬಾತು ಬಂದಳು. ಮೈತುಂಬ ಕಪ್ಪು ಕಲೆಗಳು. "ಎಲ್ಲೂ ಬಿದ್ದಿಲ್ರಿ," ಅಂದಳು. ನಾನು ನಂಬಲಿಲ್ಲ. ಒಳಗೆ ಕೀವು ತುಂಬಿದೆ ಎಂದು ಕೊಯ್ಯಲು ಸಿದ್ಧನಾದೆ.

ಅಕ್ಕ ಬಾಗಿಲಿಗೆ ಅಡ್ಡ ನಿಂತರು. "ಜರಾ ತಡೀರಿ ಸಾಬ್. ಒಳಗಿರೋದು ಕೀವಲ್ಲ, ರಕ್ತ. ಈಕಿ ರಕ್ತ ಹೆಪ್ಪುಗಟ್ಟವಲ್ದು. ನನ್ನ ಚಲೋ ರಕ್ತದ ತಿಳಿ ಬೆರೆಸಿ ಎರಡು ತಾಸು ಇಟ್ಟೆ, ಅದನ್ನೂ ಕೆಡಿಸೇತಿ, ಹೆಪ್ಪುಗಟ್ಟವಲ್ದು. ಕೊಯ್ದ್ರ ರಕ್ತ ನಿಲ್ಲಂಗಿಲ್ಲ."

ಮೈಯೇ ತನ್ನ ರಕ್ತದ ಮೇಲೆ ತಿರುಗಿಬೀಳುವ ಆ ಅಪರೂಪದ ರೋಗವನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದು ಎದುರಿಗೇ ಬಂದು ಮಲಗಿದಾಗ ಗುರುತು ಹತ್ತಲಿಲ್ಲ.

ಅಜ್ಜಿಯನ್ನು ಕೂಡಲೇ ಹೈದರಾಬಾದಿಗೆ ಕಳಿಸಿದೆವು. ತಿಂಗಳುಗಟ್ಟಲೆ ಔಷಧಿ ತಗೊಂಡು ಉಳಿದಳು.

ವಾಪಸ್ ಬಂದವಳು ನನಗೆ ಕೈಮುಗಿದು, "ನೀವೇ ನನ್ನ ಜೀವ ಉಳಿಸಿದ್ರಿ" ಅಂದಳು. ನಾನು ಗಂಭೀರವಾಗಿ, "ಅದು ನನ್ನ ಕರ್ತವ್ಯ" ಎಂದೆ.

ಹಿಂದೆ ನಿಂತಿದ್ದ ಅಕ್ಕ ಜೋರಾಗಿ ಕೆಮ್ಮಿದರು.